ಅಕ್ಕನ ಊರಲ್ಲಿ ಈಗ ಬೆಳಕಾ, ಕತ್ತಲಾ?

ಇವತ್ತಿನ ವಿಷಯ ಒಂದು ವಾಲ್‌ಪೇಪರ್. ನಗಬೇಡಿ, ನಮ್ಮನೇಲಿ ಒಂದು ಮುನಿಸು ಬಿಡಿಸಿದ್ದು ಅದೇ.

ನಮ್ಮಕ್ಕ ಇರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಅಮ್ಮ ಸಂಜೆ ದೇವರಿಗೆ ದೀಪ ಹಚ್ಚಿ, ಸರಿಯಾಗಿ ಏಳೂವರೆಗೆ ವಿಡಿಯೋ ಕಾಲ್ ಮಾಡ್ತಾರೆ. ಜೂನ್, ಜುಲೈಯಲ್ಲಿ ಎಲ್ಲಾ ಚೆನ್ನಾಗಿತ್ತು. ನವೆಂಬರ್ ಬಂತು ನೋಡಿ, ಅಕ್ಕ ಫೋನ್ ಎತ್ತೋದು ಕಡಿಮೆ ಆಯ್ತು. ಎತ್ತಿದ್ರೂ ಲೈಟ್ ಹಾಕದೆ, ಪಿಸುಮಾತಲ್ಲಿ "ಆಮೇಲೆ ಮಾಡ್ತೀನಮ್ಮಾ" ಅಂತ ಇಟ್ಟುಬಿಡೋಳು. "ಅವಳಿಗೀಗ ನಾವು ಬೇಡ ಕಣೋ" ಅಂದ ಅಮ್ಮ, ಎರಡು ವಾರ ಫೋನೇ ಮಾಡ್ಲಿಲ್ಲ.

ಅದೇ ಹೊತ್ತಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಎಕ್ಸ್‌ಪ್ಲಾನೆಟ್ ಅನ್ನೋ ಪ್ರೋಗ್ರಾಂ ಹಾಕಿದ್ದೆ. ಈ ಕ್ಷಣ ಭೂಮಿಯ ಯಾವ ಭಾಗದಲ್ಲಿ ಹಗಲು, ಯಾವ ಭಾಗದಲ್ಲಿ ರಾತ್ರಿ ಅನ್ನೋದನ್ನ ಸ್ಕ್ರೀನ್ ಹಿನ್ನೆಲೆಯಲ್ಲಿ ತೋರಿಸುತ್ತೆ. ಇದೇನು ಹೊಸ ಐಡಿಯಾ ಅಲ್ಲ. 1960ರ ದಶಕದಲ್ಲೇ ಅಮೆರಿಕದಲ್ಲಿ ಜಿಯೋಕ್ರಾನ್ ಅಂತ ಗೋಡೆ ಗಡಿಯಾರ ಬಂದಿತ್ತು. ಅದರಲ್ಲಿ ಭೂಪಟವೇ ನಿಧಾನಕ್ಕೆ ಸರೀತಿತ್ತು. 1990ರ ದಶಕದಲ್ಲಿ ಕರ್ಕ್ ಜಾನ್ಸನ್ ಅನ್ನೋರು ಯುನಿಕ್ಸ್ ಕಂಪ್ಯೂಟರ್‌ಗಳಿಗೆ ಎಕ್ಸ್‌ಅರ್ತ್ ಬರೆದ್ರು. ಅದರಿಂದ ಸ್ಫೂರ್ತಿ ಪಡೆದು ಹರಿ ನಾಯರ್ ಎಕ್ಸ್‌ಪ್ಲಾನೆಟ್ ಮಾಡಿದ್ರು. ವಿಂಡೋಸ್‌ನವರಿಗೆ ಆಟೋಡೆಸ್ಕ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಜಾನ್ ವಾಕರ್ ಹೋಮ್ ಪ್ಲಾನೆಟ್ ಬರೆದು ಫ್ರೀಯಾಗಿ ಕೊಟ್ರು.

ಇದು ಉಪಗ್ರಹದಿಂದ ಬರೋ ಲೈವ್ ವಿಡಿಯೋ ಅಂದ್ಕೊಳ್ಳೋರು ಇದ್ದಾರೆ. ಅಲ್ಲ. ಒಂದು ಹಗಲಿನ ಚಿತ್ರ, ಒಂದು ರಾತ್ರಿ ಚಿತ್ರ, ಮಧ್ಯೆ ಒಂದು ಗೆರೆ, ಅಷ್ಟೇ. ಕೆಲಸ ಇರೋದು ಆ ಗೆರೆ ಎಳೆಯೋದರಲ್ಲಿ. ಅದಕ್ಕೆ ಇಂಟರ್‌ನೆಟ್ ಕೂಡ ಬೇಡ, ದಿನಾಂಕ ಮತ್ತು ಟೈಮ್ ಸರಿಯಾಗಿದ್ರೆ ಸಾಕು.

ದಿನಾಂಕದಿಂದ ಸೂರ್ಯ ಯಾವ ಅಕ್ಷಾಂಶದ ನೆತ್ತಿ ಮೇಲಿದ್ದಾನೆ ಅಂತ ಗೊತ್ತಾಗುತ್ತೆ. ಜೂನ್ 21ರ ಹೊತ್ತಿಗೆ ಉತ್ತರಕ್ಕೆ 23.4 ಡಿಗ್ರಿ, ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ಅಷ್ಟೇ. ಟೈಮ್‌ನಿಂದ ರೇಖಾಂಶ ಗೊತ್ತಾಗುತ್ತೆ: ಗಂಟೆಗೆ 15 ಡಿಗ್ರಿ ಲೆಕ್ಕ. ಎರಡೂ ಸೇರಿದ್ರೆ ಸೂರ್ಯ ನೆತ್ತಿಗೆ ಬಂದಿರೋ ಒಂದು ಚುಕ್ಕೆ ಸಿಗುತ್ತೆ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ ಅಂತಾರಲ್ಲ, ಅವತ್ತು ಮಧ್ಯಾಹ್ನ ಆ ಚುಕ್ಕೆ ನಮ್ಮ ತಲೆ ಮೇಲೇ ಹಾದುಹೋಗುತ್ತೆ. ಚುಕ್ಕೆಯಿಂದ ಎಲ್ಲಾ ದಿಕ್ಕಿಗೂ 90 ಡಿಗ್ರಿ ದೂರದಲ್ಲಿ ಹಗಲು ಮುಗೀತು, ರಾತ್ರಿ ಶುರು. ನಾನು ಬಿಕಾಂ ಓದಿದವನು, ನನಗಿದು ಬ್ಯಾಲೆನ್ಸ್ ಶೀಟ್ ಥರ ಕಾಣುತ್ತೆ: ಅರ್ಧ ಬೆಳಕು, ಅರ್ಧ ಕತ್ತಲು, ಎರಡೂ ಕಡೆ ಯಾವಾಗಲೂ ಟ್ಯಾಲಿ.

ಸರಿ, ಅಮ್ಮನ ಕಥೆಗೆ ಬರೋಣ. ಡಿಸೆಂಬರ್‌ನ ಒಂದು ಸಂಜೆ ಏಳೂವರೆಗೆ ಲ್ಯಾಪ್‌ಟಾಪ್ ಅಮ್ಮನ ಮುಂದೆ ಇಟ್ಟೆ. ನ್ಯೂಯಾರ್ಕ್ ಕಡೆ ಬೆಳಕು ಬಂದಿತ್ತು. ಕ್ಯಾಲಿಫೋರ್ನಿಯಾ ಇನ್ನೂ ಪೂರ್ತಿ ಕಪ್ಪು. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ರು. "ಅಯ್ಯೋ, ಇಷ್ಟು ಕತ್ತಲಲ್ಲಿ ಅವಳನ್ನ ಎಬ್ಬಿಸ್ತಿದ್ನೇನೋ ನಾನು? ಚಿಕ್ಕ ಮಗು ಬೇರೆ ಮಗ್ಗುಲಲ್ಲಿ ಮಲಗಿರುತ್ತೆ" ಅಂದ್ರು.

ಆಗಿದ್ದೇನು ಅಂದ್ರೆ, ನವೆಂಬರ್‌ನ ಮೊದಲ ಭಾನುವಾರ ಅಮೆರಿಕದ ಬಹುತೇಕ ಕಡೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡ್ತಾರೆ. ನಮ್ಮ ಏಳೂವರೆ ಅಕ್ಕನಿಗೆ ಬೆಳಗ್ಗೆ ಏಳು ಆಗಿದ್ದದ್ದು ಒಂದೇ ರಾತ್ರಿಗೆ ಆರು ಆಯ್ತು. ಇದು ಕಾನೂನಿನ ಬದಲಾವಣೆ. ಜೊತೆಗೆ ಚಳಿಗಾಲ ಬಂದ ಹಾಗೆ ಅಲ್ಲಿ ಸೂರ್ಯ ಹುಟ್ಟೋದೂ ತಡ ಆಗ್ತಾ ಹೋಯ್ತು. ಇದು ಭೂಮಿ ವಾಲಿರೋದರ ಪರಿಣಾಮ. ವರ್ಲ್ಡ್ ಕ್ಲಾಕ್ ಆರು ಗಂಟೆ ಅಂತ ತೋರಿಸಿರುತ್ತೆ, ನಾವು ನೋಡಿಯೂ ಇರ್ತೀವಿ. ಆದ್ರೆ ಆರು ಅನ್ನೋ ಅಂಕಿ ನೋಡಿದ್ರೆ ಅಮ್ಮನಿಗೆ ನೆನಪಾಗೋದು ಹಾಲು ಬರೋ ಹೊತ್ತು, ನಡುರಾತ್ರಿಯಂಥ ಕತ್ತಲಲ್ಲ.

ಈಗ ಚಳಿಗಾಲದಲ್ಲಿ ನಮ್ಮನೇಲಿ ಕಾಲ್ ಮಾಡೋದು ರಾತ್ರಿ ಒಂಬತ್ತೂವರೆಗೆ, ಅಕ್ಕನಿಗೆ ಬೆಳಗ್ಗೆ ಎಂಟು. ಅದಕ್ಕೂ ಮುಂಚೆ ಅಮ್ಮನ ಒಂದು ಪ್ರಶ್ನೆ ಇದ್ದೇ ಇರುತ್ತೆ: "ಗೆರೆ ಅವಳ ಊರು ದಾಟ್ತೇನೋ?"

ನಿಮ್ಮವರೂ ಯಾರಾದ್ರೂ ದೂರ ಇದ್ರೆ, ಫೋನ್ ಎತ್ತಲಿಲ್ಲ ಅಂತ ಕೋಪ ಮಾಡ್ಕೊಳ್ಳೋ ಮುಂಚೆ ಒಂದ್ಸಲ ಆ ಭೂಪಟ ನೋಡಿ. ಮೊಬೈಲ್‌ನಲ್ಲೂ ಸಿಗುತ್ತೆ.