ಎರಡು ಹನಿ ಲಸಿಕೆ ಮತ್ತು ನಮ್ಮ ಸೇವೆ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)





ಲಸಿಕೆ ಹಾಕುವುದು ಸರ್ಕಾರದ ಕೆಲಸ. ದೇವಾಲಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಆ ಸಂಬಂಧ ಬಹಳ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರುಗಳಾದ ಅಬ್ಬೆ ದುಬ್ವಾ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಈ ನಾಡಿನ ಉಡುಗೆಯನ್ನೇ ಉಟ್ಟು, ಇಲ್ಲಿಯವರಂತೆಯೇ ಬಾಳಿದ ಅವರು ಸಿಡುಬು ತಡೆಯಲು ದೇವಿ ಹಾಕಿಸುವ ಕಾರ್ಯಕ್ಕೆ ಮುಂದಾದರು. 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿದ ಲೆಕ್ಕ ದಾಖಲೆಯಲ್ಲಿದೆ. ಸಿಡುಬನ್ನು ‘ಅಮ್ಮ’ ಎಂದು ಅಂಜುತ್ತಿದ್ದ ಕಾಲದಲ್ಲಿ ಜನರು ತೋಳೊಡ್ಡಬೇಕಾದರೆ, ಹೇಳುವವರ ಮೇಲೆ ನಂಬಿಕೆ ಇರಬೇಕಾಗಿತ್ತು. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು 1980ರಲ್ಲಿ ಘೋಷಣೆಯಾಯಿತು.

ಪೋಲಿಯೋ ವಿರುದ್ಧದ ಹೋರಾಟವೂ ಇಂತಹುದೇ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಕಾರ್ಯಕ್ರಮ 1995ರಲ್ಲಿ ಆರಂಭವಾಯಿತು. 2009ರಲ್ಲಿಯೂ 741 ಮಕ್ಕಳು ಈ ರೋಗಕ್ಕೆ ತುತ್ತಾದರು. ಕೊನೆಯ ಪ್ರಕರಣ ಕಂಡುಬಂದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತ ಪ್ರಮಾಣಪತ್ರ ದೊರೆಯಿತು. ಐಸ್ ತುಂಬಿದ ಲಸಿಕೆ ಪೆಟ್ಟಿಗೆ ಹೊತ್ತು ಮನೆಮನೆಯ ಬಾಗಿಲು ತಟ್ಟಿದ ಲಕ್ಷಾಂತರ ಸ್ವಯಂಸೇವಕರು ಇದರ ಹಿಂದಿದ್ದಾರೆ.

ಹಾಗಾದರೆ ಇನ್ನೂ ಹನಿ ಏಕೆ? ಪೋಲಿಯೋ ರೋಗಾಣು ಬಾಯಿಯ ಮೂಲಕ ಒಳಸೇರಿ, ಕರುಳಿನಲ್ಲಿ ಬೆಳೆದು, ಮಲದ ಮೂಲಕ ಹೊರಬೀಳುತ್ತದೆ. ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಅಂಗ ಊನವಾಗುತ್ತದೆ. ಉಳಿದವರು ಆರೋಗ್ಯವಂತರಂತೆಯೇ ಕಾಣುತ್ತ ಅದನ್ನು ಹರಡಬಲ್ಲರು. ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದಲ್ಲಿ ರೋಗ ಇನ್ನೂ ಅಳಿದಿಲ್ಲ. ಆದುದರಿಂದ ಲಸಿಕೆ ತಪ್ಪಿದ ಒಂದು ಮಗು ಎಂದರೆ ರೋಗಕ್ಕೆ ತೆರೆದಿಟ್ಟ ಒಂದು ಬಾಗಿಲು.

ಆ ಮಗು ಎಲ್ಲಿದೆ? ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ನೆಲೆಯೂರಿದ ಕುಟುಂಬಗಳ ಮಕ್ಕಳನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಬಲ್ಲರು. ಆದರೆ ಕಬ್ಬು ಕಡಿಯಲು ಬಂದವರ ಗುಡಿಸಲಿನ, ಆಲೆಮನೆಯ ಮಗ್ಗುಲಿನ, ಇಟ್ಟಿಗೆ ಗೂಡಿನ ಬಳಿಯ ಕೂಸು ಇಂದು ಇಲ್ಲಿದ್ದು ನಾಳೆ ಇನ್ನೊಂದು ಊರಿನಲ್ಲಿರುತ್ತದೆ. ಯಾವ ಊರಿನ ಪಟ್ಟಿಯಲ್ಲಿಯೂ ಅದರ ಹೆಸರು ಸುಲಭವಾಗಿ ಸೇರದು. ತಾಯಿ ಕೂಲಿಗೆ ಹೋಗಿರುತ್ತಾಳೆ. ಕಾರ್ಯಕರ್ತೆಯ ಭಾಷೆ ಅವಳಿಗೆ ತಿಳಿಯದಿರಬಹುದು.

ಇಲ್ಲಿಯೇ ನಮ್ಮ ಸೇವೆಗೆ ಎಡೆಯಿದೆ. ಪೋಲಿಯೋ ಭಾನುವಾರ ಬಲಿಪೂಜೆ ಮುಗಿದೊಡನೆ ನಮ್ಮ ಯುವಕ ಯುವತಿಯರು ಆರೋಗ್ಯ ಕಾರ್ಯಕರ್ತರೊಡನೆ ಆಲೆಮನೆಗಳಿಗೂ ರೈಲು ನಿಲ್ದಾಣಕ್ಕೂ ಹೋಗಲಿ. ತಮಿಳು, ಹಿಂದಿ ಬಲ್ಲವರು ಆ ತಾಯಂದಿರೊಡನೆ ಮಾತನಾಡಲಿ. ಬೀಗ ಹಾಕಿದ ಮನೆಗೆ ಸಂಜೆ ಮತ್ತೊಮ್ಮೆ ಹೋಗಿ ಬರಲಿ. ಐದು ವರ್ಷದೊಳಗಿನ ಪ್ರತಿ ಮಗುವಿನ ಎಡಗೈಯ ಕಿರುಬೆರಳಿನಲ್ಲಿ ಶಾಯಿಯ ಗುರುತು ಇದೆಯೇ ಎಂದು ನೋಡಲಿ. ನಮ್ಮ ಮನೆಗಳಲ್ಲಿಯೂ ಹುಟ್ಟಿದೊಡನೆ, ಬಳಿಕ 6, 10 ಮತ್ತು 14ನೆಯ ವಾರಗಳಲ್ಲಿ ಹಾಕಿಸಬೇಕಾದ ಹನಿಗಳು ತಪ್ಪದಿರಲಿ.

ನೂರು ವರ್ಷ ಈ ಊರಿನ ಜನರು ನಮ್ಮ ಮೇಲೆ ಇಟ್ಟ ವಿಶ್ವಾಸವೇ ನಮ್ಮ ಬಂಡವಾಳ. ಊರಿಲ್ಲದವರ ಮಕ್ಕಳಿಗಾಗಿ ಅದನ್ನು ವಿನಿಯೋಗಿಸೋಣವೆಂದು ವಿನಂತಿಸಿ ವಿರಮಿಸುತ್ತೇವೆ.