ಆವಿಯೆಂದು ನಂಬಬೇಡಿ: ಇ-ಸಿಗರೇಟು ಮತ್ತು ನಮ್ಮ ಹೃದಯ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



“ಬಿ.ಇ. ಮಾಡಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ” ಎಂದು ಮೇಷ್ಟ್ರು ಫೋನ್ ಮಾಡಿದ್ದರು. ನಾನು ಬೇರೆ ವಿಷಯ ಕೇಳಿಕೊಂಡೆ. ಕಂಪ್ಯೂಟರ್ ಬಗ್ಗೆ ಹೇಳಲು ಇಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ನಾನು ಮಾಡಿದ ಒಂದು ತಪ್ಪನ್ನು ನಾನೇ ಹೇಳಬೇಕು. ನಾನು ಡಾಕ್ಟರಲ್ಲ. ಹೃದಯದ ಬಗ್ಗೆ ಹೇಳುವುದೆಲ್ಲ ನನಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಂದ ಕೇಳಿದ್ದು, ಆಮೇಲೆ ಓದಿ ತಿಳಿದದ್ದು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನನಗೆ ಸಿಗರೇಟು ಅಂಟಿಕೊಂಡಿತು. ರಾತ್ರಿ ಪಾಳಿ, ಟೀ, ಒಂದು ದಮ್ಮು. ಅಪ್ಪ ಬೀಡಿ ಸೇದಿ ಸೇದಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಅವರಿಗೆ ಬೀಡಿ ಬಿಡಿ ಎಂದು ಉಪದೇಶ ಮಾಡುತ್ತಿದ್ದ ಮಗ ಜೇಬಿನಲ್ಲಿ ಸಿಗರೇಟು ಇಟ್ಟುಕೊಂಡು ತಿರುಗುತ್ತಿದ್ದೆ. ನಾಚಿಕೆಯಾಗಿ, ಸಿಗರೇಟು ಬಿಟ್ಟು ಇ-ಸಿಗರೇಟು ಹಿಡಿದೆ. ಹುಡುಗರು ಅದಕ್ಕೆ ‘ವೇಪ್’ ಅನ್ನುತ್ತಾರೆ. ನೋಡಲು ಪೆನ್‌ಡ್ರೈವ್ ಹಾಗಿರುತ್ತದೆ, ಬೂದಿ ಬೀಳುವುದಿಲ್ಲ, ಬಟ್ಟೆ ನಾರುವುದಿಲ್ಲ. ಒಮ್ಮೆ ಅಪ್ಪನ ಕಣ್ಣಿಗೆ ಬಿತ್ತು. “ಇದೇನ್ಲಾ?” ಎಂದರು. “ಆಫೀಸಿಂದು” ಎಂದೆ.

ಯುಗಾದಿಗೆ ಊರಿಗೆ ಬಂದಾಗ ಅಕ್ಕನ ಮಗ, ಒಂಬತ್ತನೇ ತರಗತಿಯ ಹುಡುಗ, ನಾನು ಅದನ್ನು ಎಳೆಯುವುದನ್ನು ನೋಡಿಬಿಟ್ಟ. “ಹೊಗೆ ಅಲ್ಲ ಕಣೋ, ಬರೀ ಆವಿ. ಏನೂ ಆಗಲ್ಲ” ಎಂದು ಸಮಾಧಾನ ಹೇಳಿದೆ. ಮಾರನೇ ದಿನ ಅವನು ಹಿತ್ತಲಲ್ಲಿ ಅದನ್ನೇ ಬಾಯಿಗಿಟ್ಟುಕೊಂಡು ಕೆಮ್ಮುತ್ತಿದ್ದ. ಕೈಯೆತ್ತಲು ಹೋದೆ. “ನೀನೇ ಹೇಳಿದ್ಯಲ್ಲ ಮಾಮ, ಬರೀ ಆವಿ ಅಂತ. ಮಾವಿನಹಣ್ಣಿನ ವಾಸನೆ ಐತೆ” ಎಂದ. ಎತ್ತಿದ ಕೈ ಇಳಿಯಿತು. ನಾನು ಹೇಳಿದ್ದು ಎಷ್ಟು ಸುಳ್ಳು ಎಂದು ತಿಳಿಯಲು ಅವತ್ತಿನಿಂದಲೇ ಓದತೊಡಗಿದೆ.

ಮೊದಲಿಗೆ, ಅದು ನೀರಿನ ಆವಿಯಲ್ಲ. ಒಳಗೊಂದು ಬ್ಯಾಟರಿ, ಒಂದು ಲೋಹದ ಸುರುಳಿ, ಸ್ವಲ್ಪ ದ್ರವ ಇರುತ್ತವೆ. ದ್ರವದಲ್ಲಿ ಪ್ರೊಪೈಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಹಣ್ಣಿನದೋ ಪುದೀನದೋ ವಾಸನೆ ಕೊಡುವ ರಾಸಾಯನಿಕಗಳು. ಸುರುಳಿ ಕಾದಾಗ ಇವು ಸಣ್ಣ ಸಣ್ಣ ಹನಿಗಳಾಗಿ ಶ್ವಾಸಕೋಶಕ್ಕೆ ಹೋಗುತ್ತವೆ. ಕಾವು ಹೆಚ್ಚಾದರೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳು ಹುಟ್ಟುತ್ತವೆ. ಸುರುಳಿಯಿಂದ ನಿಕ್ಕಲ್, ಕ್ರೋಮಿಯಂ ಕಣಗಳೂ ಸೇರಿಕೊಳ್ಳುತ್ತವೆ.

ಹೃದಯಕ್ಕೆ ಏನಾಗುತ್ತದೆ? ನಿಕೋಟಿನ್ ರಕ್ತಕ್ಕೆ ಸೇರಿದ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ದೇಹ ಅಡ್ರಿನಲಿನ್ ಬಿಡುಗಡೆ ಮಾಡುತ್ತದೆ. ಕತ್ತಲಲ್ಲಿ ಹಾವು ಕಂಡಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದೇ ಅಡ್ರಿನಲಿನ್. ನಾಡಿ ಏರುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿ.ಪಿ. ಹೆಚ್ಚುತ್ತದೆ. ನನ್ನ ಕೈಗಡಿಯಾರದಲ್ಲಿ ನಾನೇ ನೋಡಿಕೊಂಡೆ: ಸುಮ್ಮನೆ ಕೂತಾಗ 74 ಇದ್ದ ನಾಡಿ ನಾಲ್ಕು ಬಾರಿ ಎಳೆದ ಮೇಲೆ 88 ಆಗಿತ್ತು. ನಿಮಿಷಕ್ಕೆ 14 ಬಡಿತ ಹೆಚ್ಚೆಂದರೆ ಗಂಟೆಗೆ 840. ಸಿಗರೇಟಾದರೆ ಒಂದು ಸುಟ್ಟು ಮುಗಿಯುತ್ತದೆ. ಇದು ಮುಗಿಯುವುದೇ ಇಲ್ಲ. ಕೆಲಸ ಮಾಡುತ್ತಾ ದಿನವಿಡೀ ಎಳೆಯುತ್ತಿದ್ದೆ. ಕಂಪನಿಯ ಆರೋಗ್ಯ ತಪಾಸಣೆಯಲ್ಲಿ ನನ್ನ ಬಿ.ಪಿ. 148/96 ಬಂತು. ಆಗ ನನಗೆ 32 ವರ್ಷ.

ಎರಡನೆಯ ಸಂಗತಿ ರಕ್ತನಾಳದ್ದು. ನಮ್ಮ ಜಿಲ್ಲೆಯವರಿಗೆ ಹೇಮಾವತಿ ನಾಲೆಯ ಉದಾಹರಣೆ ಸಾಕು. ನಾಲೆಯ ಒಳಮೈಗೆ ಲೈನಿಂಗ್ ಚೆನ್ನಾಗಿದ್ದರೆ ನೀರು ಸಲೀಸಾಗಿ ಹರಿಯುತ್ತದೆ. ಅದು ಬಿರುಕು ಬಿಟ್ಟರೆ ಹುಲ್ಲು ಬೆಳೆದು, ಹೂಳು ನಿಂತು, ಕೊನೆಯ ಹೊಲಕ್ಕೆ ನೀರೇ ಬರುವುದಿಲ್ಲ. ರಕ್ತನಾಳಕ್ಕೂ ಹಾಗೇ ಒಂದು ತೆಳು ಒಳಪದರವಿದೆ. ಅದಕ್ಕೆ ಜೀವವಿದೆ. ಓಡುವಾಗ, ಮೆಟ್ಟಿಲು ಹತ್ತುವಾಗ ಅದು ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಹಿಗ್ಗಿಸುತ್ತದೆ. ಇದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ಈ ಪದರ ಕೆಟ್ಟರೆ ನಾಳ ಪೆಡಸಾಗುತ್ತದೆ, ಕೊಬ್ಬು ಕೂರುತ್ತದೆ, ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿ ರಕ್ತ ಹೆಪ್ಪುಗಟ್ಟುತ್ತದೆ. ಹೃದಯಾಘಾತದ ದಾರಿ ಇದೇ.

“ನಿಕೋಟಿನ್ ಇಲ್ಲದ್ದು ತಗೊಂಡರಾಯ್ತು” ಎನ್ನುವವರಿದ್ದಾರೆ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದರು. ಎಂದೂ ಸಿಗರೇಟು ಸೇದದ, ಆರೋಗ್ಯವಂತರಾದ 31 ಮಂದಿ ಯುವಜನರಿಗೆ ನಿಕೋಟಿನ್ ಇಲ್ಲದ ಇ-ಸಿಗರೇಟನ್ನು 16 ಬಾರಿ ಎಳೆಯಲು ಹೇಳಿದರು. ಎಳೆಯುವ ಮೊದಲು ಮತ್ತು ನಂತರ, ಬಿ.ಪಿ. ನೋಡುವಾಗ ತೋಳಿಗೆ ಕಟ್ಟುತ್ತಾರಲ್ಲ, ಅಂಥದ್ದೇ ಪಟ್ಟಿಯನ್ನು ತೊಡೆಗೆ ಬಿಗಿದು, ಬಿಟ್ಟು, ನಾಳ ಎಷ್ಟು ಹಿಗ್ಗುತ್ತದೆಂದು ಎಂ.ಆರ್.ಐ. ಯಂತ್ರದಲ್ಲಿ ಅಳೆದರು. ಹಿಗ್ಗುವ ಶಕ್ತಿ ಸರಾಸರಿ 34ರಷ್ಟು ಶೇಕಡಾ ಕುಗ್ಗಿತ್ತು. ಆರೋಗ್ಯವಂತರಲ್ಲಿ ಒಂದು ಸಲದ ಈ ಪೆಟ್ಟು ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ದಿನವೂ ಹತ್ತಾರು ಸಲ ಪೆಟ್ಟು ಬೀಳುತ್ತಿದ್ದರೆ ಸರಿಹೋಗಲು ಹೊತ್ತಾದರೂ ಎಲ್ಲಿ?

ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಇದರಲ್ಲಿ ತಂಬಾಕು ಸುಡುವುದಿಲ್ಲ. ಹಾಗಾಗಿ ಸಿಗರೇಟಿನ ಟಾರು, ಕಾರ್ಬನ್ ಮಾನಾಕ್ಸೈಡ್ ಅಷ್ಟಾಗಿ ಇರುವುದಿಲ್ಲ. ಈ ಉಪಕರಣ ಮಾರುಕಟ್ಟೆಗೆ ಬಂದೇ ಇಪ್ಪತ್ತು ವರ್ಷ ಚಿಲ್ಲರೆ. ಮೂವತ್ತು ನಲವತ್ತು ವರ್ಷ ಎಳೆದವರ ಹೃದಯ ಹೇಗಿರುತ್ತದೆಂದು ತೋರಿಸಲು ಅಂಥವರು ಇನ್ನೂ ಯಾರೂ ಇಲ್ಲ. “ಸಿಗರೇಟಿಗಿಂತ ವಾಸಿ” ಎಂದು ನಾನು ನನಗೆ ಹೇಳಿಕೊಂಡದ್ದು ಆ ಲೆಕ್ಕದಲ್ಲೇ. ಆದರೆ ಅಕ್ಕನ ಮಗ ಸಿಗರೇಟನ್ನೇ ಮುಟ್ಟಿರಲಿಲ್ಲ. ಅವನ ಪಾಲಿಗೆ ಅದನ್ನು ಹೋಲಿಸಬೇಕಾದದ್ದು ಸಿಗರೇಟಿಗಲ್ಲ, ನಮ್ಮ ಹಿತ್ತಲಿನ ಗಾಳಿಗೆ. ಆ ಲೆಕ್ಕದಲ್ಲಿ ಅದು ಬರೀ ನಷ್ಟ. ಬೆಳೆಯುವ ಮಿದುಳಿಗೆ ನಿಕೋಟಿನ್ ಚಟ ಬಲು ಬೇಗ ಹತ್ತುತ್ತದೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆ ಇಡೀ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ಮಾರಿದವರಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೂ ನನಗೆ ಸಿಕ್ಕಿತು ಎಂದರೆ ಮಕ್ಕಳಿಗೂ ಸಿಗಬಹುದು. ಕಳ್ಳದಾರಿಯಲ್ಲಿ ಬಂದ ಮಾಲಿನ ಮೇಲೆ ಬರೆದದ್ದೇ ಒಳಗಿದೆ ಎಂದು ನಂಬುವ ಹಾಗೂ ಇಲ್ಲ.

2025ರಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಸಾಲು ಸಾಲು ಹೃದಯಾಘಾತದ ಸುದ್ದಿ ಬಂದಾಗ ನಾವೆಲ್ಲ ಹೆದರಿದೆವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಅದನ್ನು ಪರಿಶೀಲಿಸಿತು. ಅದು ಎತ್ತಿ ಹೇಳಿದ್ದು ಹಳೆಯ ಕಾರಣಗಳನ್ನೇ: ತಂಬಾಕು, ಸಕ್ಕರೆ ಕಾಯಿಲೆ, ಬಿ.ಪಿ., ಬೊಜ್ಜು. ಅಲ್ಲಿಯ ಸಾವುಗಳನ್ನು ನಾನು ವೇಪ್‌ಗೆ ಗಂಟು ಹಾಕುತ್ತಿಲ್ಲ. ಇಷ್ಟೊಂದು ಕಾರಣಗಳು ಮನೆಯೊಳಗೇ ಇರುವಾಗ ಹೊಸದೊಂದನ್ನು ದುಡ್ಡು ಕೊಟ್ಟು ತರಬೇಡಿ ಎನ್ನುತ್ತಿದ್ದೇನೆ.

ನಾನು ಬಿಟ್ಟೆ. ಸುಲಭವಾಗಿರಲಿಲ್ಲ. ಮೊದಲ ವಾರ ನಿದ್ದೆಯಿಲ್ಲ, ಸುಮ್ಮಸುಮ್ಮನೆ ಸಿಡುಕು. ಎರಡು ಸಲ ಸೋತು ಮೂರನೇ ಸಲ ಗೆದ್ದೆ. 1800-11-2356 ಎಂಬುದು ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಫೋನ್ ಸಂಖ್ಯೆ. ಬೀಡಿ, ಗುಟ್ಕಾ ಬಿಡಬೇಕೆನ್ನುವ ಹಿರಿಯರೂ ಬರೆದುಕೊಳ್ಳಿ. ಈಗ ನನ್ನ ಬಿ.ಪಿ. 126/82.

ತಂದೆತಾಯಿಯರೇ, ಮೇಷ್ಟ್ರುಗಳೇ, ಮಕ್ಕಳ ಚೀಲದಲ್ಲಿ ಇಂಥದ್ದು ಸಿಕ್ಕರೆ ಹೊಡೆಯಬೇಡಿ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಕೂರಿಸಿಕೊಂಡು ಕೇಳಿ. ನನ್ನ ಮನೆಯಲ್ಲಿ ಕೊಟ್ಟವನು ನಾನೇ ಆಗಿದ್ದೆ.

ಅಕ್ಕನ ಮಗನ ಮುಂದೆ ಕೂತು “ನಾನು ಹೇಳಿದ್ದು ಸುಳ್ಳು ಕಣೋ” ಎಂದು ಒಪ್ಪಿಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ತಾತಂಗೂ ಹೇಳು ಮಾಮ” ಎಂದ. ಅಪ್ಪನಿಗೂ ಹೇಳಿದೆ. ಈ ಶಾಲೆಯಲ್ಲಿ ತಪ್ಪು ಲೆಕ್ಕವನ್ನು ಅಳಿಸಿ ಮುಚ್ಚಿಡಲು ಬಿಡುತ್ತಿರಲಿಲ್ಲ. ಬೋರ್ಡಿನ ಮುಂದೆ ನಿಲ್ಲಿಸಿ, ಎಲ್ಲರೆದುರು ಸರಿಮಾಡಿಸುತ್ತಿದ್ದರು. ಇವತ್ತು ನಾನು ಮಾಡಿದ್ದೂ ಅಷ್ಟೇ.