ಕರುಣೆಗೂ ಒಂದು ಸರದಿ
(ಸ್ತ್ರೀ ಸಂಘದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಧರ್ಮಸಭೆಯಲ್ಲಿ ಸ್ತ್ರೀಯರ ಸೇವಾಸಂಘಗಳ ಮೂಲವನ್ನು ಅರಸಿದರೆ ನಾವು ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರನ್ನು ಸೇರುತ್ತೇವೆ. 1617ರ ಆಗಸ್ಟಿನ ಒಂದು ಭಾನುವಾರ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಹಾಸಿಗೆ ಹಿಡಿದಿರುವರೆಂದು ಅಲ್ಲಿನ ಗುರುಗಳಾದ ಸಂತ ವಿನ್ಸೆಂಟ್ ದೆ ಪೌಲರಿಗೆ ತಿಳಿಯಿತು. ಅವರು ಪ್ರಸಂಗದಲ್ಲಿ ಅದನ್ನು ಅರುಹಿದರು. ಅಂದೇ ಸ್ತ್ರೀಯರು ಸಾಲುಸಾಲಾಗಿ ಆಹಾರ ಹೊತ್ತು ನಡೆದರು. ಇಂದು ಬಂದದ್ದು ಕೆಟ್ಟುಹೋಗುವುದು, ನಾಳೆ ಮತ್ತೆ ಹಸಿವು ಎಂದು ಸಂತರು ಕಂಡುಕೊಂಡರು. ಕರುಣೆ ತುಂಬಿತ್ತು, ಕ್ರಮವಿರಲಿಲ್ಲ.

ಅದೇ ವರ್ಷ ಡಿಸೆಂಬರ್ 8ರಂದು ಸ್ತ್ರೀಯರ ಸಂಘವು ವಿಧಿವತ್ತಾಗಿ ಸ್ಥಾಪಿತವಾಯಿತು. ಸರದಿಯಂತೆ ಅಡಿಗೆ, ಹಣಕ್ಕೆ ಲೆಕ್ಕ. ನಿಯಮಾವಳಿಯ ಒಂದು ಮಾತು ಮನನೀಯ: ಜೊತೆಗೆ ಜನರಿರುವ ರೋಗಿಯಿಂದ ಆರಂಭಿಸಿ, ಒಂಟಿಯಾಗಿರುವವರಲ್ಲಿಗೆ ಕೊನೆಗೆ ಹೋಗಬೇಕು; ಅವರ ಬಳಿ ಹೆಚ್ಚು ಹೊತ್ತು ಕುಳಿತಿರಬಹುದಲ್ಲವೇ! ಮುಂದೆ 1633ರಲ್ಲಿ ಸಂತ ಲೂಯಿಸ್ ದೆ ಮರಿಯಾಕರೊಡನೆ ದಯಾಪುತ್ರಿಯರ ಸಂಸ್ಥೆ ಹುಟ್ಟಿದ್ದೂ ಈ ಸೇವೆಯ ಬೇರಿನಿಂದಲೇ.

ಮೆಹಕರದ ತಾಯಂದಿರೇ, ಮಕ್ಕಳು ದುಡಿಮೆಗಾಗಿ ಹೈದರಾಬಾದು, ಪುಣೆಗಳಿಗೆ ತೆರಳಿದ ಮೇಲೆ ವೃದ್ಧರು ಒಂಟಿಯಾಗಿ ಉಳಿಯುವ ಮನೆಗಳು ನಮ್ಮ ಸೀಮೆಯಲ್ಲಿವೆ. ಹಬ್ಬದ ದಿನ ಅಲ್ಲಿಗೆ ಐದು ಮನೆಗಳ ರೊಟ್ಟಿ ಬರುತ್ತದೆ. ಮರುದಿನ ಬಾಗಿಲು ತಟ್ಟುವವರಾರು? ಸಂಘದ ಪುಸ್ತಕದಲ್ಲಿ ಚಂದಾದ ಲೆಕ್ಕದೊಡನೆ ವಾರದ ಸರದಿಯನ್ನೂ ಬರೆಯಿರಿ. ಜಾತಿ, ಮತ ಕೇಳದೆ ಆ ಹೊಸ್ತಿಲು ದಾಟಿರಿ; ರೊಟ್ಟಿ ಇಟ್ಟೊಡನೆ ಏಳದೆ, ಕೊಂಚ ಹೊತ್ತು ಕುಳಿತು ಮಾತಾಡಿಸಿರಿ. ಶತಮಾನೋತ್ಸವದ ದೀಪಗಳು ಆರಿದ ಮೇಲೂ ಉಳಿಯುವ ಬೆಳಕು ಅದು.

ಪ್ರಭು ಯೇಸು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.